ಕ್ಲಾಸಿನಲ್ಲಿ ಮಾತಾಡಲು ಬಿಡಿ: ನಮ್ಮ ಕ್ಷೇತ್ರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಉಡುಪಿ ಜಿಲ್ಲೆಯವಳು, ನಿಮ್ಮದೇ ಕ್ಷೇತ್ರದ ಮತದಾರಳು. ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಕೆಮಿಸ್ಟ್ರಿ ನನ್ನ ಮುಖ್ಯ ವಿಷಯ. ಕಾಲೇಜಿನ ಹೆಸರು ಬರೆಯುತ್ತಿಲ್ಲ. ಬರೆದರೆ ವಿಷಯ ಹಿಂದೆ ಬೀಳುತ್ತದೆ. ಯಾರು ಬರೆದದ್ದು, ಯಾರು ಬರೆಸಿದ್ದು ಎಂಬ ಹುಡುಕಾಟವೇ ಜಾಸ್ತಿ ಆಗುತ್ತದೆ. ನಮ್ಮ ಕಾಲೇಜು ಅಭಿವೃದ್ಧಿ ಸಮಿತಿಗೆ ನೀವೇ ಅಧ್ಯಕ್ಷರು. ಹಾಗಾಗಿ ಯಾವ ಕಾಲೇಜು ಎಂದು ನಿಮಗೆ ಓದುವಾಗಲೇ ಗೊತ್ತಾಗುತ್ತದೆ.

ಕಳೆದ ಸಮಿತಿ ಸಭೆಯ ನಂತರ ನಮ್ಮ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ವಿವಾದಾತ್ಮಕ ರಾಜಕೀಯ ವಿಷಯಗಳನ್ನು ತರಗತಿಯಲ್ಲಿ ಚರ್ಚೆಗೆ ಎತ್ತಿಕೊಳ್ಳಬಾರದು ಎಂದು ಅದರಲ್ಲಿ ಇತ್ತು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನೀವೂ ಅದೇ ಅರ್ಥದ ಮಾತು ಹೇಳಿದಿರಿ. ಓದುವ ವಯಸ್ಸಿನಲ್ಲಿ ರಾಜಕೀಯ ತಲೆಗೆ ಹಚ್ಚಿಕೊಳ್ಳಬೇಡಿ, ಅಪ್ಪ ಅಮ್ಮನ ಕಷ್ಟ ನೋಡಿ ಓದಿ ಎಂದಿರಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳಿದಿರಿ ಎಂದು ನಂಬುತ್ತೇನೆ. ನನ್ನ ಅಪ್ಪನೂ ಇದನ್ನೇ ಹೇಳುತ್ತಾರೆ. ಆದರೆ ಆ ಹಾಳೆಯಿಂದ ನಮ್ಮ ಓದಿಗೆ ಏನಾಗಿದೆ ಎಂದು ನಿಮಗೆ ತಿಳಿಸಲೇಬೇಕು.

2024ರ ಏಪ್ರಿಲ್ 26ರಂದು ನಾನು ಮೊದಲ ಸಲ ಓಟು ಹಾಕಿದೆ. ಚುನಾವಣೆಗೆ ಮುಂಚೆ ಕಾಲೇಜಿನಲ್ಲಿ ಮತದಾನ ಜಾಗೃತಿ ಕಾರ್ಯಕ್ರಮ ಆಗಿತ್ತು. ರಂಗೋಲಿ ಸ್ಪರ್ಧೆ, ಮಾನವ ಸರಪಳಿ, ಕೈ ಮುಂದೆ ಚಾಚಿ ಪ್ರತಿಜ್ಞೆ. ಯಾವ ಆಮಿಷಕ್ಕೂ ಒಳಗಾಗದೆ ಯೋಚಿಸಿ ಮತ ಹಾಕುತ್ತೇವೆ ಎಂದು ನಮ್ಮಿಂದ ಹೇಳಿಸಿದರು. ಯೋಚಿಸಬೇಕಾದರೆ ಯಾರ ಜೊತೆಗಾದರೂ ಮಾತಾಡಬೇಕು, ಒಪ್ಪದವರ ಮಾತನ್ನೂ ಕೇಳಬೇಕು, ಅಲ್ವಾ ಸರ್? ಅದಕ್ಕೆ ಕ್ಲಾಸಿಗಿಂತ ಒಳ್ಳೆಯ ಜಾಗ ನಮಗೆ ಎಲ್ಲಿದೆ? ಮನೆಯಲ್ಲಿ ಎಲ್ಲರದ್ದೂ ಒಂದೇ ಅಭಿಪ್ರಾಯ. ಫೋನಿನಲ್ಲಿ ಅವರವರ ಗುಂಪು ಅವರವರಿಗೆ. ಹತ್ತಾರು ಊರಿನ, ಬೇರೆ ಬೇರೆ ಜಾತಿ ಧರ್ಮದ, ಬೇರೆ ಬೇರೆ ಪಕ್ಷದ ಮನೆಗಳ ಮಕ್ಕಳು ದಿನವೂ ಒಂದೇ ಬೆಂಚಿನಲ್ಲಿ ಕೂರುವುದು ಕಾಲೇಜಿನಲ್ಲಿ ಮಾತ್ರ. ಮದುವೆಯಾಗಿ, ಕೆಲಸ ಸಿಕ್ಕಿ ಚದುರಿದ ಮೇಲೆ ನಮಗೆ ಇಂಥ ಜಾಗ ಮತ್ತೆ ಸಿಗುತ್ತದೆ ಎಂದು ನನಗೆ ಅನಿಸುವುದಿಲ್ಲ.

ಆ ನೋಟಿಸಿಗೆ ಕಾರಣವಾದ ಕ್ಲಾಸಿನಲ್ಲಿ ನಾನಿದ್ದೆ. ಅಲ್ಲಿ ಏನು ನಡೆಯಿತು ಎಂದು ಸಮಿತಿಯಲ್ಲಿ ಯಾರಾದರೂ ಹೇಳಿದರೋ ಇಲ್ಲವೋ. ನಾನು ಕಂಡದ್ದನ್ನು ಬರೆಯುತ್ತೇನೆ.

ಸಂವಿಧಾನದ ಪೇಪರ್ ನಮಗೆಲ್ಲ ಕಡ್ಡಾಯ. ಸೈನ್ಸ್ ಮಕ್ಕಳಿಗೆ ಅದು ಸುಮ್ನೆ ಪಾಸಾಗುವ ಪೇಪರ್ ಎಂದೇ ಲೆಕ್ಕ. ನಮ್ಮ ಮೇಡಂ ಮಾತ್ರ ಅದನ್ನು ಹಾಗೆ ಬಿಡಲಿಲ್ಲ. ಧಾರ್ಮಿಕ ಸ್ವಾತಂತ್ರ್ಯದ ಪಾಠ ಬಂದಾಗ ಹಿಜಾಬ್ ಪ್ರಕರಣದ ತೀರ್ಪುಗಳಿಂದ ಕೆಲವು ಪುಟ ಜೆರಾಕ್ಸ್ ಮಾಡಿಸಿ ತಂದರು. ನಮ್ಮದೇ ಉಡುಪಿಯಲ್ಲಿ 2021ರ ಡಿಸೆಂಬರಿನಲ್ಲಿ ಶುರುವಾದ ವಿಷಯ ಅದು. ಕ್ಲಾಸಿನಲ್ಲಿ ಎಲ್ಲರಿಗೂ ಅದರ ಬಗ್ಗೆ ಅಭಿಪ್ರಾಯ ಇತ್ತು. ತೀರ್ಪಿನ ಒಂದು ಸಾಲನ್ನಾದರೂ ಓದಿದವರು ಯಾರೂ ಇರಲಿಲ್ಲ.

ಮೇಡಂ ಮೊದಲು ಆದದ್ದನ್ನು ಬೋರ್ಡಿನಲ್ಲಿ ಬರೆದರು. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ತೀರ್ಪು: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆ ಅಲ್ಲ, ಸಮವಸ್ತ್ರದ ನಿಯಮ ಸರಿಯಾದ ನಿರ್ಬಂಧವೇ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿ ಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಒಪ್ಪಲಿಲ್ಲ. ಹೆಣ್ಣುಮಗುವಿನ ಓದು ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮುಂದಿದೆ ಎಂದರು. ವಿಷಯ ದೊಡ್ಡ ಪೀಠಕ್ಕೆ ಹೋಗಬೇಕು ಎಂದಾಯಿತು.

ಆಮೇಲೆ ಕ್ಲಾಸನ್ನು ರೋಲ್ ನಂಬರ್ ನೋಡಿ ಎರಡು ಭಾಗ ಮಾಡಿದರು. ಒಂದು ಕಡೆಯವರು ಹೈಕೋರ್ಟ್ ಪರ, ಇನ್ನೊಂದು ಕಡೆಯವರು ಧುಲಿಯಾ ಅವರ ಪರ. ನಿಮ್ಮ ನಿಜವಾದ ಅಭಿಪ್ರಾಯ ಏನೆಂದು ಯಾರೂ ಕೇಳುವುದಿಲ್ಲ ಎಂದರು. ಅರ್ಧ ಗಂಟೆ ಆದ ಮೇಲೆ ಕಡೆ ಬದಲು. ಇದರ ಮೇಲೆ ಒಂದು ನಿಯಮ: ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ನೀವೇ ಹೇಳಬೇಕು. 'ಹೌದು, ನಾನು ಹೇಳಿದ್ದು ಇದೇ' ಎಂದು ಅವರು ಒಪ್ಪಿದ ಮೇಲೆ ಮಾತ್ರ ನಿಮ್ಮ ಸರದಿ.

2022ರಲ್ಲಿ ಕೇಸರಿ ಶಾಲು ಹಾಕಿಕೊಂಡು ಕಾಲೇಜಿಗೆ ಹೋಗಿದ್ದೆ ಎಂದು ತಾನೇ ಹೇಳಿಕೊಳ್ಳುವ ಹುಡುಗ ಒಬ್ಬ ನಮ್ಮ ಕ್ಲಾಸಿನಲ್ಲಿ ಇದ್ದಾನೆ. ಅವನಿಗೆ ಧುಲಿಯಾ ಅವರ ಪರ ವಾದಿಸುವ ಸರದಿ ಬಂತು. ಮೊದಲು ತಡವರಿಸಿದ. ಆಮೇಲೆ ಜೆರಾಕ್ಸ್ ಹಾಳೆಯ ಮೇಲೆ ಬೆರಳಿಟ್ಟು, ಸಾಲು ಹುಡುಕಿ ಓದಿದ. ಗೇಟಿನಲ್ಲಿ ನಿಲ್ಲಿಸಿದ ಹುಡುಗಿ ಮನೆಗೆ ಹೋದರೆ ಅವಳ ಓದು ಏನಾಗುತ್ತದೆ ಎಂದು ಕೇಳಿದ. ಎದುರಿನ ಬೆಂಚಿನಲ್ಲಿ ಹಿಜಾಬ್ ಹಾಕುವ ಹುಡುಗಿ. ಅವಳು ಹೈಕೋರ್ಟಿನ ಪರ ವಾದಿಸುತ್ತಿದ್ದಳು. ಎಲ್ಲರಿಗೂ ಒಂದೇ ನಿಯಮ ಇದ್ದರೆ ಬಡವರ ಮಕ್ಕಳಿಗೆ ಅದು ರಕ್ಷಣೆಯೂ ಆಗುತ್ತದೆ ಎಂದಳು. ನಿಯಮದ ಪ್ರಕಾರ ಅವಳು ಅವನ ಮಾತನ್ನು ತಿರುಗಿ ಹೇಳಬೇಕಿತ್ತು. ಹೇಳಿದಳು. ಅವನು ಒಂದು ಕ್ಷಣ ಸುಮ್ಮನಿದ್ದು, 'ಹೌದು, ನಾನು ಹೇಳಿದ್ದು ಇದೇ' ಎಂದ. ಇಬ್ಬರೂ ತಮ್ಮ ಅಭಿಪ್ರಾಯ ಬದಲಾಯಿಸಿದರು ಎಂದು ನಾನು ಹೇಳುವುದಿಲ್ಲ. ಬದಲಾಯಿಸಿಲ್ಲ. ಆದರೆ ಆ ದಿನದಿಂದ ಅವರು ಮಾತಾಡುತ್ತಾರೆ. ಮೊದಲು ಮಾತಾಡುತ್ತಿರಲಿಲ್ಲ.

ಅದೇ ಕ್ಲಾಸಿನಲ್ಲಿ ಯಾರೋ ಮೇಡಂ ಮಾತನ್ನು ಫೋನಿನಲ್ಲಿ ಹಿಡಿದಿದ್ದರು. ಒಂದು ಕಡೆಯ ವಾದವನ್ನು ಅವರು ವಿವರಿಸುತ್ತಿದ್ದ ಅರ್ಧ ನಿಮಿಷದ ತುಣುಕು. 'ಈ ಕಡೆಯವರು ಹೀಗೆ ಹೇಳುತ್ತಾರೆ' ಎಂಬ ಹಿಂದಿನ ಮಾತು ಅದರಲ್ಲಿ ಇಲ್ಲ. ಸಂಜೆಯೊಳಗೆ ಅದು ಊರೆಲ್ಲ ಹೋಯಿತು. ಯಾವ ಕಡೆಯವರ ಗ್ರೂಪಿನಲ್ಲಿ ಹೋಯಿತು ಎಂದು ನಾನು ಬರೆಯುವುದಿಲ್ಲ. ಬೇರೆ ಅರ್ಧ ನಿಮಿಷ ಕತ್ತರಿಸಿದ್ದರೆ ಬೇರೆ ಕಡೆಯವರು ಕಾಲೇಜಿಗೆ ಬರುತ್ತಿದ್ದರು. ಮರುದಿನ ಗೇಟಿನ ಹತ್ತಿರ ಒಂದಷ್ಟು ಜನ ಬಂದು ಬೊಬ್ಬೆ ಹೊಡೆದರು. ಕಾಲೇಜಿನವರು ಮೇಡಂ ಅವರಿಂದ ಲಿಖಿತ ವಿವರಣೆ ಕೇಳಿದರು. ಆ ಕ್ಲಾಸಿನಲ್ಲಿ ಕೂತಿದ್ದ ನಮ್ಮನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಈಗ ಮೇಡಂ ಕ್ಲಾಸಿಗೆ ಬಂದು ನೋಟ್ಸ್ ಓದಿ ಬರೆಸುತ್ತಾರೆ. ಪ್ರಶ್ನೆ ಕೇಳಿದರೆ, 'ಪರೀಕ್ಷೆಗೆ ಇಷ್ಟು ಸಾಕು' ಎನ್ನುತ್ತಾರೆ.

ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳನ್ನೂ ಅವರು ಹೀಗೆಯೇ ಬರೆಸಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು, ಪ್ರಶ್ನೆ ಕೇಳುವ ಮನಸ್ಸು ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯ ಎಂದು 1976ರಲ್ಲಿ ಸೇರಿಸಿದ್ದು. ನಾವು ಬರೆದುಕೊಂಡೆವು. ಪರೀಕ್ಷೆಯಲ್ಲಿ ಬಂದರೆ ಬರೆಯುತ್ತೇವೆ.

ಸರ್, ನನಗೆ ಹೇಳಲು ಇರುವುದು ಒಂದೇ ವಿಷಯ. 'ನಿಮಗೆ ಇದು ಹೇಗೆ ಗೊತ್ತು?' ಎಂದು ಕೇಳುವುದನ್ನು ನಮಗೆ ಕಾಲೇಜು ಕಲಿಸಬೇಕು. ಲ್ಯಾಬಿನಲ್ಲಿ ಕಲಿಸುತ್ತಾರೆ. ಟೈಟ್ರೇಶನ್ ಮಾಡುವಾಗ ಮೂರು ಸಲ ಒಂದೇ ರೀಡಿಂಗ್ ಬರದೆ ರೆಕಾರ್ಡಿನಲ್ಲಿ ಬರೆಯಲು ಬಿಡುವುದಿಲ್ಲ. ಲ್ಯಾಬಿನಿಂದ ಹೊರಗೆ ಕಾಲಿಟ್ಟರೆ ಆ ಪ್ರಶ್ನೆಯನ್ನು ಕೇಳಬಾರದು ಎಂದರೆ ಕಲಿತದ್ದು ಯಾವ ಕೆಲಸಕ್ಕೆ? ಇದನ್ನು ಎಲ್ಲರಿಗೂ ಒಂದೇ ರೀತಿ ಕೇಳಬೇಕು ಎನ್ನುವುದು ನನಗೆ ನ್ಯಾಯದ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಹಾಗೆ ಕೇಳಲಿಲ್ಲ. ಕೆಲವು ಮಾತಿಗೆ ಪುರಾವೆಯನ್ನೇ ಕೇಳಲಿಲ್ಲ. ಕೆಲವರ ಮಾತಿಗೆ ವರ್ಷಗಟ್ಟಲೆ ಪುರಾವೆ ಕೇಳುತ್ತಲೇ ಹೋದರು.

ಪುರಾವೆಯನ್ನೇ ಕೇಳದ ಮಾತಿಗೆ ಉದಾಹರಣೆ 2023ರ ಜುಲೈಯದ್ದು. ಉಡುಪಿಯ ಒಂದು ಪ್ಯಾರಾಮೆಡಿಕಲ್ ಕಾಲೇಜಿನ ಶೌಚಾಲಯದಲ್ಲಿ ಒಬ್ಬ ವಿದ್ಯಾರ್ಥಿನಿಯ ವಿಡಿಯೊ ಮಾಡಿದ ಆರೋಪ ಬಂತು. ಮೂವರು ವಿದ್ಯಾರ್ಥಿನಿಯರನ್ನು ಕಾಲೇಜು ಅಮಾನತು ಮಾಡಿತು. ಅಂಥ ಕೆಲಸ ಯಾರು ಮಾಡಿದರೂ ತಪ್ಪು, ಕಾನೂನು ನೋಡಿಕೊಳ್ಳಬೇಕು. ಆದರೆ ಹೊರಗೆ ಹರಡಿದ ಕಥೆಯೇ ಬೇರೆ. ಗುಪ್ತ ಕ್ಯಾಮೆರಾ ಇಟ್ಟಿದ್ದಾರೆ, ತುಂಬಾ ಹುಡುಗಿಯರ ವಿಡಿಯೊ ಹೋಗಿದೆ ಎಂದು ದೇಶವೇ ಮಾತಾಡಿತು. ಎರಡೂ ಪಕ್ಷಗಳ ನಾಯಕರ ಹೇಳಿಕೆಗಳು ದಿನವಿಡೀ ಟಿವಿಯಲ್ಲಿ. ಕೊನೆಗೆ ಆಗ ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆಯಾಗಿದ್ದ ಖುಷ್ಬೂ ಸುಂದರ್ ಉಡುಪಿಗೆ ಬಂದು, ಆ ಕಾಲೇಜಿಗೆ ಹೋಗಿ, ಗುಪ್ತ ಕ್ಯಾಮೆರಾದ ಸುದ್ದಿ ಬರೀ ವದಂತಿ ಎಂದು ಹೇಳಿದರು. ಪೊಲೀಸರೂ ಅದಕ್ಕೆ ಆಧಾರ ಇಲ್ಲ ಎಂದಿದ್ದರು.

ಆ ಹೊತ್ತಿಗೆ ನಾನು ಡಿಗ್ರಿಗೆ ಸೇರುವ ತಯಾರಿಯಲ್ಲಿದ್ದೆ. ಅಮ್ಮ ಕೇಳಿದ ಮೊದಲ ಪ್ರಶ್ನೆ ಫೀಸಿನದ್ದಲ್ಲ, ಬಸ್ಸಿನದ್ದಲ್ಲ. 'ಅಲ್ಲಿ ಬಾತ್ರೂಮಿಗೆ ಹೋಗಬೇಡ, ಸಂಜೆ ಮನೆಗೆ ಬಂದೇ ಹೋಗು' ಎಂದರು. ನನ್ನ ಜೊತೆ ಸೇರಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಮೊದಲ ಸೆಮಿಸ್ಟರ್ ಇಡೀ ಕಾಲೇಜಿನಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿಸಿಕೊಂಡು ಬಂದು ಹಾಗೇ ವಾಪಸ್ ತೆಗೆದುಕೊಂಡು ಹೋಗುತ್ತಿದ್ದರು. ಒಬ್ಬಳಿಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ಸುಳ್ಳು ಎಂದು ಗೊತ್ತಾದ ಮೇಲೂ ಹೆದರಿಕೆ ಹೋಗಲಿಲ್ಲ. ಮೈಕಿನಲ್ಲಿ ಆರೋಪ ಹೇಳಿದ ಯಾರಾದರೂ ಅದೇ ಮೈಕಿನಲ್ಲಿ ಬಂದು, 'ಮಕ್ಕಳೇ, ಅದು ನಿಜವಲ್ಲ, ಹೆದರಬೇಡಿ' ಎಂದದ್ದು ನಾನು ಕೇಳಿಲ್ಲ.

ಇನ್ನು ಪುರಾವೆ ಕೇಳುತ್ತಲೇ ಹೋದ ಕಥೆ. ಇದನ್ನು ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಯಾಕೆಂದರೆ ಇದು ನನ್ನ ವಿಷಯಕ್ಕೇ ಸೇರಿದ್ದು.

ಕೀಟನಾಶಕಗಳ ಪಾಠದಲ್ಲಿ ನಮಗೆ ಎಂಡೋಸಲ್ಫಾನ್ ಬರುತ್ತದೆ. ಆರ್ಗನೋಕ್ಲೋರಿನ್ ಗುಂಪು, ಒಂದು ಅಣುವಿನಲ್ಲಿ ಆರು ಕ್ಲೋರಿನ್. ಅದರ ರಚನೆಯನ್ನು ನಾನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೆ ನಮ್ಮ ಪಕ್ಕದ ಜಿಲ್ಲೆಯ ಕೊಕ್ಕಡದಲ್ಲಿ ಏನಾಯಿತು ಎಂದು ಆ ಪಾಠದಲ್ಲಿ ಒಂದು ಸಾಲೂ ಇಲ್ಲ. ಅದು ನನಗೆ ಗೊತ್ತಾದದ್ದು ಎನ್ನೆಸ್ಸೆಸ್ ಕ್ಯಾಂಪಿಗೆ ಹೋದಾಗ.

ಗೇರು ಮರಕ್ಕೆ ಬರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಸರ್ಕಾರಿ ನಿಗಮಗಳ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋ ಸುರಿದರು. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ, ನಮ್ಮ ಬೆಳ್ತಂಗಡಿ, ಪುತ್ತೂರು ಕಡೆ 1980ರ ದಶಕದಿಂದ, 2000ದ ತನಕ. ತೋಟದ ಕೆಳಗೇ ಮನೆಗಳು, ಬಾವಿಗಳು, ತೋಡುಗಳು. ಕೃಷಿಕ ಪತ್ರಕರ್ತ ಶ್ರೀಪಡ್ರೆ ತಮ್ಮೂರಿನಲ್ಲಿ ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿವೆ ಎಂದು ಸುಮಾರು 1980ರ ಹೊತ್ತಿಗೇ ಬರೆದರು. ಕಾಸರಗೋಡಿನ ಪಡ್ರೆ ಗ್ರಾಮದ ವಾಣಿನಗರದಲ್ಲಿ ಚಿಕಿತ್ಸೆ ಕೊಡುತ್ತಿದ್ದ ಡಾ. ಮೋಹನ್ ಕುಮಾರ್, ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆ ಬೇರೆ ಕಡೆಯ ಹಾಗಿಲ್ಲ ಎಂದು ಗಮನಿಸಿದರು, ಬರೆದರು. ಒಬ್ಬರು ರೈತರು, ಒಬ್ಬರು ಹಳ್ಳಿಯ ಡಾಕ್ಟರ್. ಮೇಲಿನವರು ಪುರಾವೆ ಎಲ್ಲಿ ಎಂದು ಕೇಳಿದರು. ಸಮಿತಿ ಬಂತು, ಇನ್ನೊಂದು ಸಮಿತಿ ಬಂತು. ಹೆಲಿಕಾಪ್ಟರ್ ಹಾರುತ್ತಲೇ ಇತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಗಂಡುಮಕ್ಕಳ ಪ್ರೌಢಾವಸ್ಥೆ ತಡವಾಗುತ್ತಿದೆ ಎಂಬ ಅವರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅದನ್ನೂ ಪ್ರಶ್ನಿಸಿದವರಿದ್ದಾರೆ. ಊರಿನ ಪ್ರತಿ ಕಾಯಿಲೆಗೂ ಎಂಡೋ ಒಂದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದ ಮುಗಿದಿಲ್ಲ ಎಂದೂ ಓದಿದ್ದೇನೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದರ ಉತ್ಪಾದನೆ, ಮಾರಾಟ, ಬಳಕೆ ಎಲ್ಲವನ್ನೂ ದೇಶದಾದ್ಯಂತ ನಿಲ್ಲಿಸಿತು. ಮೊದಲ ಕರುವಿನ ಸುದ್ದಿಗೂ ಆ ಆದೇಶಕ್ಕೂ ನಡುವೆ ಮೂವತ್ತು ವರ್ಷ.

ಕ್ಯಾಂಪಿನಲ್ಲಿ ಕೊಕ್ಕಡದ ಹತ್ತಿರದ ಒಂದು ಮನೆಗೆ ಹೋಗಿದ್ದೆವು. ಮಗನಿಗೆ ಮೂವತ್ತರ ಮೇಲೆ ವಯಸ್ಸು, ಚಾಪೆಯಲ್ಲಿ ಮಲಗಿದ್ದ. ಎದ್ದು ಕೂರಲು ಆಗುವುದಿಲ್ಲ, ಮಾತಿಲ್ಲ. ಅಮ್ಮ ಅವನ ಬೆನ್ನಿನ ಕೆಳಗೆ ಕೈ ಹಾಕಿ, ಮಗ್ಗುಲು ತಿರುಗಿಸಿ, ಹಳೆಯ ಬೈರಾಸನ್ನು ಮಡಚಿ ಸೊಂಟದ ಹತ್ತಿರ ಇಟ್ಟರು. ಆ ಕೆಲಸ ಅವರ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ನಮ್ಮ ಜೊತೆ ಮಾತಾಡುತ್ತಲೇ ಮಾಡಿದರು. ಏನು ಓದುವುದು ಎಂದು ಕೇಳಿದರು. ಕೆಮಿಸ್ಟ್ರಿ ಎಂದೆವು. 'ಹಾಗಾದ್ರೆ ಇದಕ್ಕೆ ಮದ್ದು ಉಂಟಾ ನಿಮ್ಮ ಪುಸ್ತಕದಲ್ಲಿ?' ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಈಗ ಹೇಳಿ ಸರ್, ಎಂಡೋಸಲ್ಫಾನ್ ವಿವಾದಾತ್ಮಕ ರಾಜಕೀಯ ವಿಷಯ ಹೌದೋ ಅಲ್ಲವೋ? ಎಲ್ಲ ಪಕ್ಷದವರೂ ಅದರ ಬಗ್ಗೆ ಭಾಷಣ ಮಾಡಿದ್ದಾರೆ, ಪರಿಹಾರದ ಹಣಕ್ಕೆ ಜಗಳ ಆಡಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ. ನೋಟಿಸ್ ಬೋರ್ಡಿನ ಹಾಳೆಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರೆ ನಮ್ಮ ಕೆಮಿಸ್ಟ್ರಿ ಸರ್ ಇದನ್ನೂ ಹೇಳುವ ಹಾಗಿಲ್ಲ. ಆರು ಕ್ಲೋರಿನ್ ಬರೆಸಿ ಮುಂದೆ ಹೋಗಬೇಕು. ಆ ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುವ ಮನಸ್ಸು ಇಂಥ ಪಾಠದಿಂದ ಹುಟ್ಟುವುದಿಲ್ಲ. ನಾಳೆ ನಮ್ಮಲ್ಲೇ ಒಬ್ಬರು ಇಂಥ ಕಂಪೆನಿಯ ಲ್ಯಾಬಿನಲ್ಲಿ ಸಹಿ ಹಾಕುವ ಜಾಗದಲ್ಲಿ ಕೂರಬಹುದು.

ಚರ್ಚೆ ಬಿಟ್ಟರೆ ಗಲಾಟೆ ಆಗುತ್ತದೆ ಎಂಬ ಹೆದರಿಕೆ ನಿಮಗಿದೆ. ನಿಮಗೆ ಮಾತ್ರ ಅಲ್ಲ, ಪ್ರಿನ್ಸಿಪಾಲರಿಗೂ ಇದೆ, ನಮ್ಮ ಮನೆಯವರಿಗೂ ಇದೆ. ಈ ಪತ್ರ ಬರೆಯುತ್ತೇನೆ ಎಂದಾಗ ನನ್ನ ಗೆಳತಿ, 'ಎಂತಕ್ಕೆ ಮಾರಾಯ್ತಿ ನಿನಗೆ ಈ ಉಸಾಬರಿ' ಎಂದಳು. ಹೆದರಿಕೆಗೆ ಕಾರಣ ಇದೆ. 2022ರ ಫೆಬ್ರವರಿಯಲ್ಲಿ ನಾನು ಫಸ್ಟ್ ಪಿಯುಸಿ. ರಾಜ್ಯದ ಹೈಸ್ಕೂಲು, ಕಾಲೇಜುಗಳನ್ನೇ ಕೆಲವು ದಿನ ಮುಚ್ಚಿದರು. ತೆರೆದಾಗ ಗೇಟಿನಲ್ಲಿ ಪೊಲೀಸರು. ನನ್ನ ಲ್ಯಾಬ್ ಪಾರ್ಟ್‌ನರ್ ಆಗಿದ್ದವಳು ಆಮೇಲೆ ಬರಲಿಲ್ಲ. ಅವಳ ರೆಕಾರ್ಡ್ ಪುಸ್ತಕದಲ್ಲಿ ಸಾಲ್ಟ್ ಅನಾಲಿಸಿಸ್ ಅರ್ಧಕ್ಕೆ ನಿಂತಿತ್ತು. ಅವಳ ನಿರ್ಧಾರ ಸರಿಯೋ, ಅವಳ ಮನೆಯವರದ್ದು ಸರಿಯೋ, ನಿಯಮ ಸರಿಯೋ ಎಂದು ಇಲ್ಲಿ ತೀರ್ಮಾನಿಸಲು ನಾನು ಹೊರಟಿಲ್ಲ. ಆದರೆ ಒಂದು ಮಾತು ಖಂಡಿತ ಹೇಳಬಲ್ಲೆ. ಆ ಗಲಾಟೆ ಕ್ಲಾಸಿನಲ್ಲಿ ಚರ್ಚೆ ಮಾಡಿದ್ದರಿಂದ ಆದದ್ದಲ್ಲ. ನಮ್ಮ ಕ್ಲಾಸಿನಲ್ಲಿ ಅದರ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ. ನಮಗೆ ತಿಳಿದದ್ದೆಲ್ಲ ಹೊರಗಿನವರು ಹೇಳಿದ್ದೇ. ಪಕ್ಕದ ಬೆಂಚಿನವಳನ್ನು ಕೇಳುವ ಮೊದಲೇ ಅವಳ ಬಗ್ಗೆ ಎಲ್ಲ ಗೊತ್ತಿದೆ ಎಂದು ಅಂದುಕೊಂಡವರೇ ನಮ್ಮಲ್ಲಿ ಜಾಸ್ತಿ.

ವಾದ ಮಾಡಿದರೆ ಊರು ಹಾಳಾಗುತ್ತದೆ ಎನ್ನುವುದು ನಮ್ಮ ಊರಿನ ರೀತಿ ಅಲ್ಲವೇ ಅಲ್ಲ. ವೇಷ ಇಲ್ಲದೆ ಕೂತು, ಪಾತ್ರದ ಮಾತು (ಅರ್ಥ) ಹೇಳಿ ವಾದ ಮಾಡುವ ಯಕ್ಷಗಾನ, ಅಂದರೆ ತಾಳಮದ್ದಳೆ ಕೇಳಿ ಬೆಳೆದವರು ನಾವು. ದೇವಸ್ಥಾನದ ಅಂಗಳದಲ್ಲಿ, ದೇವರ ಎದುರೇ ವಾಲಿವಧೆ ಪ್ರಸಂಗ ನಡೆಯುತ್ತದೆ. ಬಾಣ ತಾಗಿ ಬಿದ್ದ ವಾಲಿ ಸಾಕ್ಷಾತ್ ರಾಮನನ್ನೇ ಪ್ರಶ್ನೆ ಮಾಡುತ್ತಾನೆ. ನನಗೂ ನಿನಗೂ ಜಗಳವೇ ಇಲ್ಲ, ಮರೆಯಲ್ಲಿ ನಿಂತು ಯಾಕೆ ಹೊಡೆದೆ, ಇದು ಯಾವ ಧರ್ಮ ಎಂದು ಒಂದೊಂದಾಗಿ ಕೇಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ದೇವರು ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನನ್ನ ಅಜ್ಜ ಇವತ್ತಿಗೂ ನೆನೆಯುತ್ತಾರೆ. ಅಜ್ಜ ದಿನಾ ರಾಮನಾಮ ಹೇಳುವವರು. ವಾಲಿಯ ವಾದ ಕೇಳಿ ಅವರ ಭಕ್ತಿ ಕಡಿಮೆಯಾಗಲಿಲ್ಲ. ಬಪ್ಪನಾಡು ದೇವಸ್ಥಾನದ ಕಥೆಯಲ್ಲಿ ಬರುವ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ವೇಷ ಮಾಡಿ ಜನರ ಮನಸ್ಸು ಗೆದ್ದವರೂ ಅದೇ ಶೇಣಿಯವರೇ. ಇವತ್ತು ರಾಮನ ಅರ್ಥ ಹೇಳಿದ ಕಲಾವಿದರು ನಾಳೆ ವಾಲಿಯ ಅರ್ಥ ಹೇಳಬಹುದು. ನಮ್ಮ ಮೇಡಂ ಕ್ಲಾಸಿನಲ್ಲಿ ಕಡೆ ಬದಲಾಯಿಸಿದಾಗ ನನಗೆ ನೆನಪಾದದ್ದು ಇದೇ.

ಇನ್ನೂ ಹಿಂದೆ ಹೋದರೆ ಇಲ್ಲೇ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ತಮ್ಮ ಗುರು ಅಚ್ಯುತಪ್ರೇಕ್ಷರು ಹೇಳಿದ ಪಾಠವನ್ನೇ ಒಪ್ಪದೆ ವಾದ ಮಾಡಿದವರು. ಕೊನೆಗೆ ಗುರುಗಳೇ ಶಿಷ್ಯನ ದಾರಿಗೆ ಬಂದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮೊದಲು ಎದುರಾಳಿಯ ಪಕ್ಷವನ್ನು ಸರಿಯಾಗಿ ಹೇಳಿ, ಆಮೇಲೆ ಅದನ್ನು ಖಂಡಿಸಬೇಕು ಎನ್ನುವುದು ಆ ವಾದದ ಕ್ರಮ. ನಮ್ಮ ಕ್ಲಾಸಿನ ನಿಯಮವೂ ಅದೇ ಆಗಿತ್ತು.

ವಿವಾದ ಎಂದು ಇವತ್ತು ದೂರ ಇಡುವ ವಿಷಯ ನಾಳೆಯೂ ಹಾಗೇ ಇರುತ್ತದೆ ಎಂದೇನೂ ಇಲ್ಲ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರು ಇದೆ. ಅವರು ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಆಗ ಅದಕ್ಕಿಂತ ದೊಡ್ಡ ವಿವಾದ ಊರಿನಲ್ಲಿ ಇರಲಿಲ್ಲ. ಸ್ವಂತ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಅಂದು ಯಾವುದಾದರೂ ಶಾಲೆಯಲ್ಲಿ ಹುಡುಗನೊಬ್ಬ, 'ಆ ಮಕ್ಕಳು ನಮ್ಮ ಜೊತೆ ಯಾಕೆ ಕೂರಬಾರದು?' ಎಂದು ಕೇಳಿದ್ದರೆ, ವಿವಾದದ ವಿಷಯ ಕ್ಲಾಸಿನಲ್ಲಿ ಬೇಡ ಎಂದೇ 'ದೊಡ್ಡವರು' ಹೇಳುತ್ತಿದ್ದರು. ಇವತ್ತು ಎಲ್ಲ ಪಕ್ಷದವರೂ ಅವರ ಜಯಂತಿಗೆ ಹಾರ ಹಾಕುತ್ತಾರೆ.

ಪಠ್ಯಪುಸ್ತಕದ ವಿಷಯ ಎರಡೇ ಮಾತಿನಲ್ಲಿ. 2022ರಲ್ಲಿ ಪುಸ್ತಕ ಬದಲಾಯಿತು. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದಿಂದ ನಾರಾಯಣ ಗುರುಗಳ ಪಾಠ ತೆಗೆದಾಗ ಇಡೀ ಕರಾವಳಿ ಬೇಸರ ಪಟ್ಟಿತು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗುರುಗಳೇ ಪ್ರತಿಷ್ಠೆ ಮಾಡಿದ ದೇವಸ್ಥಾನ ಇರುವ ನಾಡು ಇದು. 2023ರಲ್ಲಿ ಸರ್ಕಾರ ಬದಲಾಯಿತು, ಪುಸ್ತಕವೂ ಮತ್ತೆ ಬದಲಾಯಿತು. ಹೈಸ್ಕೂಲಿನಲ್ಲಿ ಇರುವ ನನ್ನ ತಮ್ಮನಿಗೆ ಯಾವ ಪಾಠ ಎಂದು ಚುನಾವಣೆ ತೀರ್ಮಾನಿಸುತ್ತದೆ. ಆದರೂ ರಾಜಕೀಯದಿಂದ ದೂರ ಇರಬೇಕಾದವರು ನಾವು ಎಂದು ಹೇಳುತ್ತೀರಿ.

ನಾನು ಯಾವ ಪಕ್ಷದ ಪರವಾಗಿಯೂ ಇದನ್ನು ಬರೆದಿಲ್ಲ. ನನ್ನ ಓಟು ನಿಮಗೆ ಬಿದ್ದಿದೆಯೋ ಇಲ್ಲವೋ, ಅದು ಇಲ್ಲಿ ಮುಖ್ಯವೂ ಅಲ್ಲ. ನಿಮ್ಮ ಜಾಗದಲ್ಲಿ ಬೇರೆ ಪಕ್ಷದ ಶಾಸಕರು ಇದ್ದಿದ್ದರೂ ಇದೇ ಪತ್ರ ಬರೆಯುತ್ತಿದ್ದೆ. ನಾವು ಮಾತಾಡಿದರೆ ಕೇಳಿಸುವುದು ಒಂದು ಬೆಂಚಿಗೆ. ನೀವು ಮಾತಾಡಿದರೆ ಇಡೀ ಕ್ಷೇತ್ರಕ್ಕೆ ಕೇಳುತ್ತದೆ, ಪೊಲೀಸ್ ಠಾಣೆಗೆ ಕೇಳುತ್ತದೆ, ಗೇಟಿನ ಹತ್ತಿರ ಬರುವವರಿಗೂ ಕೇಳುತ್ತದೆ. ಆದ್ದರಿಂದ ತಿಳಿದು ಮಾತಾಡುವ ಹೊಣೆ ನಮಗಿಂತ ನಿಮಗೆ ಜಾಸ್ತಿ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಸಮಿತಿ ಸಭೆಯಲ್ಲಿ ಆ ನೋಟಿಸನ್ನು ವಾಪಸ್ ತೆಗೆದುಕೊಳ್ಳಿ. ಅದರ ಬದಲು ಚರ್ಚೆ ಹೇಗೆ ಮಾಡಬೇಕು ಎಂಬ ನಿಯಮ ಮಾಡಿ, ನಾವು ಪಾಲಿಸುತ್ತೇವೆ. ನಮ್ಮ ಕ್ಲಾಸಿನವರು ಸೇರಿ ಒಂದು ಕರಡು ಬರೆದಿದ್ದೇವೆ. ಎದುರಿನವರ ಮಾತನ್ನು ಮೊದಲು ಸರಿಯಾಗಿ ಹೇಳುವುದು, ಕ್ಲಾಸಿನಲ್ಲಿ ಯಾರದ್ದೂ ಫೋನ್ ರೆಕಾರ್ಡಿಂಗ್ ಮಾಡದಿರುವುದು, ಆಧಾರ ಕೇಳಿದರೆ ಕೊಡುವುದು, ಯಾರನ್ನೂ ಅವರ ಜಾತಿ ಧರ್ಮ ಹಿಡಿದು ಕರೆಯದಿರುವುದು. ಅದರಲ್ಲಿ ಶಾಲು ಹಾಕಿದ್ದ ಹುಡುಗನ ಸಹಿಯೂ ಇದೆ, ಹಿಜಾಬಿನ ಹುಡುಗಿಯದ್ದೂ ಇದೆ. ಪ್ರಿನ್ಸಿಪಾಲ್ ಸರ್ ಅವರಿಗೆ ಕೊಟ್ಟಿದ್ದೇವೆ. ಸಮಿತಿಯ ಮುಂದೆ ಇಡಲು ನಿಮ್ಮ ಒಪ್ಪಿಗೆ ಬೇಕು ಎಂದರು.

ಇನ್ನು ಮುಂದೆ ಯಾವುದಾದರೂ ಕಾಲೇಜಿನ ತುಣುಕು ನಿಮ್ಮ ಫೋನಿಗೆ ಬಂದಾಗ ಹೇಳಿಕೆ ಕೊಡುವ ಮೊದಲು ಆ ಕ್ಲಾಸಿನಲ್ಲಿ ಕೂತಿದ್ದ ಇಬ್ಬರನ್ನಾದರೂ ಕೇಳಿ. ಪೂರ್ತಿ ಪಾಠ ಏನಿತ್ತು ಎಂದು ಪ್ರಿನ್ಸಿಪಾಲರನ್ನು ಕೇಳಿ. ಮೇಡಂ ತಪ್ಪು ಮಾಡಿದ್ದರೆ ಆಮೇಲೂ ಕ್ರಮ ತೆಗೆದುಕೊಳ್ಳಬಹುದು. ತಪ್ಪು ಮಾಡಿಲ್ಲ ಎಂದಾದರೆ, ಅದನ್ನೂ ಅಷ್ಟೇ ದೊಡ್ಡದಾಗಿ ಹೇಳಿ. ನಮ್ಮ ಮೇಡಂ ವಿಷಯದಲ್ಲಿ ಆ ಮಾತು ಇನ್ನೂ ಬಾಕಿ ಇದೆ. ಅವರು ನನಗೆ ಈ ಪತ್ರ ಬರೆಯಲು ಹೇಳಿಲ್ಲ. ಬರೆದದ್ದು ಗೊತ್ತಾದರೆ ಬೇಡ ಎನ್ನುತ್ತಿದ್ದರು.

ಸಾಧ್ಯವಾದರೆ ನೀವೂ ಒಂದು ದಿನ ಬನ್ನಿ. ವೇದಿಕೆ, ಹಾರ, ಸ್ವಾಗತ ಭಾಷಣ ಏನೂ ಬೇಡ. ನಮ್ಮ ಕ್ಲಾಸಿನಲ್ಲಿ ಕೂತುಕೊಳ್ಳಿ. ಕ್ಷೇತ್ರದ ಯಾವುದೇ ವಿಷಯ ತೆಗೆದುಕೊಳ್ಳೋಣ. ಮೀನುಗಾರರ ವಿಷಯ ಆಗಬಹುದು, ಕಲ್ಲಿದ್ದಲು ಸ್ಥಾವರದ ಬೂದಿ ಆಗಬಹುದು, ಈ ನೋಟಿಸೇ ಆಗಬಹುದು. ನೀವು ನಿಮ್ಮ ಪಕ್ಷ ಹೇಳಿ. ನಾವು ಅದನ್ನು ನಿಮ್ಮ ಮುಂದೆಯೇ ತಿರುಗಿ ಹೇಳುತ್ತೇವೆ. ಸರಿ ಎಂದು ನೀವು ಒಪ್ಪಿದ ಮೇಲೆ ಪ್ರಶ್ನೆ ಕೇಳುತ್ತೇವೆ.

ಸಮಿತಿಯ ಸಭೆ ಪರೀಕ್ಷೆಗೆ ಮುಂಚೆ ಇದೆ ಎಂದು ಕೇಳಿದೆ. ಪರೀಕ್ಷೆ ಮುಗಿದರೆ ನಮ್ಮ ಬ್ಯಾಚ್ ಹೊರಗೆ ಹೋಗುತ್ತದೆ. ಅದಕ್ಕೆ ಮೊದಲು ಉತ್ತರ ಬಂದರೆ ನಮ್ಮ ಜೂನಿಯರ್‌ಗಳಿಗಾದರೂ ಪ್ರಯೋಜನ ಆಗುತ್ತದೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಕ್ಷೇತ್ರದ ಬಿಎಸ್ಸಿ ವಿದ್ಯಾರ್ಥಿನಿ
ಉಡುಪಿ ಜಿಲ್ಲೆ